ಮೂರು ನಿಮಿಷಕ್ಕೆ ನಿಲ್ಲುತ್ತಿದ್ದ ಮಾತು

ಎಂಬತ್ತರ ದಶಕದಲ್ಲಿ ನಾನು ಚಿಂತಾಮಣಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದೆ. ಊರಿನಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕೆಂದರೂ ನಾವು ಬೋರ್ಡಿನಲ್ಲಿ ಪಿನ್ನು ಚುಚ್ಚಿದರಷ್ಟೇ ಮಾತು. ತರಕಾರಿ ಮಂಡಿಯವರು "ಏಮ್ಮಾ, ಲೈನು ಕಲುಪ್ತಾವಾ ಲೇದಾ?" ಎಂದು, ಲೈನು ಕೊಡ್ತೀಯೋ ಇಲ್ವೋ ಅಂತ, ತೆಲುಗಿನಲ್ಲಿ ಗದರಿಸುವರು. ರೇಷ್ಮೆ ವ್ಯಾಪಾರದ ಸಾಹೇಬರು ಉರ್ದುವಿನಲ್ಲಿ ನಯವಾಗಿಯೇ ಪ್ರಾಣ ತಿನ್ನುವರು. ಯಾರು ಏನೆಂದರೂ ನಾವು ಎದುರಾಡುವಂತಿಲ್ಲ. ಮೂಗಿನ ತುದಿಯಲ್ಲೇ ಕೋಪ ಇರುವ ನನಗೆ ಅದು ದೊಡ್ಡ ಶಿಕ್ಷೆಯಾಗಿತ್ತು.

ಅಪ್ಪ ತೀರಿಹೋದ ಮರುವರ್ಷ ನನ್ನ ಕೈ ನಡುಗಲು ಶುರುವಾಯಿತು. ಮನೆಯಲ್ಲಿ ಫೋನೇ ಇಲ್ಲದಿದ್ದರೂ ಕಿವಿಯಲ್ಲಿ ಗಂಟೆ ಬಾರಿಸುತ್ತಿತ್ತು. ಅನ್ನ ಕಲಸುತ್ತಾ ಕೂತಾಗ ಎದೆ ಡವಡವ ಹೊಡೆದುಕೊಳ್ಳುವುದು. ಒಂದು ದಿನ ಬೋರ್ಡಿನ ಮುಂದೆ ಕೂತಾಗ ಪಿನ್ನು ತೂತಿಗೆ ಹೋಗಲೇ ಇಲ್ಲ. ಸೂಪರ್‌ವೈಸರ್ ಒಳ್ಳೆಯವರು, ರಜೆ ಕೊಟ್ಟು ಮನೆಗೆ ಕಳಿಸಿದರು. ರಜೆ ಮುಗಿಯುವಷ್ಟರಲ್ಲಿ ಸರಿಹೋಗದಿದ್ದರೆ ಕೆಲಸಕ್ಕೇ ಸಂಚಕಾರ. ಮನೆ ನಡೆಯುತ್ತಿದ್ದುದು ನನ್ನ ಸಂಬಳದಲ್ಲಿ.

ನಮ್ಮೂರ ಡಾಕ್ಟರು ಎದೆ ಪರೀಕ್ಷೆ ಮಾಡಿ, "ಗುಂಡಿಗೆ ಗಟ್ಟಿಯಾಗಿದೆಯಮ್ಮ, ದಣಿದಿರೋದು ಮನಸ್ಸು" ಎಂದರು. ಚಿಕ್ಕಬಳ್ಳಾಪುರದ ಒಂದು ದವಾಖಾನೆಗೆ ಗುರುವಾರ ಗುರುವಾರ ಬೆಂಗಳೂರಿನಿಂದ ಆಪ್ತಸಲಹೆಗಾರ್ತಿಯೊಬ್ಬರು ಬರುತ್ತಾರೆ, ಹೋಗಿ ನೋಡು ಎಂದರು. ಅಮ್ಮನಿಗೆ ದಿಗಿಲು. ಹುಚ್ಚಿನ ಡಾಕ್ಟರ ಹತ್ತಿರ ಹೋಗುತ್ತಾಳೆಂದು ಊರಿಗೆ ಗೊತ್ತಾದರೆ ಮದುವೆ ಹೇಗೆ? ಹಲ್ಲು ತೋರಿಸಲು ಹೋಗುತ್ತಿದ್ದಾಳೆ ಎಂದು ಬೀದಿಗೆಲ್ಲ ಹೇಳಿಬಿಟ್ಟಳು. ನಾಲ್ಕನೇ ವಾರದ ಹೊತ್ತಿಗೆ ಪಕ್ಕದ ಮನೆಯಾಕೆ, "ಇನ್ನೂ ಎಷ್ಟು ಹಲ್ಲು ಉಳ್ದಿವೆಯಮ್ಮ?" ಎಂದು ಕೇಳತೊಡಗಿದ್ದಳು.

ಬಸ್ಸು ಶಿಡ್ಲಘಟ್ಟದಲ್ಲಿ ನಿಂತು, ರೇಷ್ಮೆಗೂಡಿನ ಮೂಟೆಗಳನ್ನು ಹತ್ತಿಸಿಕೊಂಡು, ನಿಧಾನಕ್ಕೆ ಚಿಕ್ಕಬಳ್ಳಾಪುರ ಸೇರುತ್ತಿತ್ತು. ಆಪ್ತಸಲಹೆಗಾರ್ತಿ ಮೇಡಂಗೆ ಐವತ್ತರ ಮೇಲಿನ ವಯಸ್ಸು. ಮೇಜಿನಾಚೆ ಕೂರದೆ ನನ್ನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡರು. ಧೈರ್ಯ ತಂದುಕೋ, ದೇವರ ಮೇಲೆ ಭಾರ ಹಾಕು ಎಂಬ ಮಾತುಗಳಿಗೆ ಉತ್ತರ ಸಿದ್ಧಮಾಡಿಕೊಂಡು ಹೋಗಿದ್ದೆ. ಅವರು ಅದೊಂದನ್ನೂ ಹೇಳಲಿಲ್ಲ. "ಮೊದ್ಲು ಕೈ ತಣ್ಣಗಾಗುತ್ತಾ, ಎದೆ ಹೊಡ್ಕೊಳ್ಳುತ್ತಾ?" ಎಂದು ಕೇಳಿದರು. ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮುಂದಿನ ಸಲ ನೋಡಿಕೊಂಡು ಬನ್ನಿ ಎಂದರು. ಇದೇನು ವೈದ್ಯವೋ ಎಂದು ಬಸ್ಸಿನಲ್ಲಿ ದಾರಿ ಪೂರ್ತಿ ಗೊಣಗಿಕೊಂಡು ಬಂದೆ.

ಆದರೂ ನೋಡಿಕೊಂಡೆ. ಮೊದಲು ಕೈ ತಣ್ಣಗಾಗುತ್ತಿತ್ತು. ಹಾಗೆ ತಣ್ಣಗಾದ ಕೂಡಲೇ ಕೆಲಸ ಬಿಟ್ಟು ಕೂತು, ಉಸಿರನ್ನು ಉದ್ದಕ್ಕೆ ಬಿಡಬೇಕೆಂದು ಕಲಿಸಿದರು. ಇನ್ನೊಂದು ವಾರ, "ಯಾರಾದ್ರೂ ಕರೆದ ತಕ್ಷಣ ಓಗೊಡ್ಬೇಡಿ. ಒಂದು ಉಸಿರು ಪೂರ್ತಿ ಬಿಟ್ಟು ಆಮೇಲೆ ಓ ಅನ್ನಿ" ಎಂದರು. ಗಂಟೆ ಬಾರಿಸಿದರೆ ಕೈ ತಾನೇ ಓಡುವ ಕೆಲಸದಲ್ಲಿದ್ದವಳಿಗೆ ಇದಕ್ಕಿಂತ ಕಷ್ಟದ್ದು ಇರಲಿಲ್ಲ. ಅಮ್ಮ ಒಳಗಿನಿಂದ ಕೂಗಿ ಕೂಗಿ, "ಆ ಹಲ್ಲಿನ ಡಾಕ್ಟ್ರು ಕಿವಿನೂ ಕಿತ್ಕೊಂಡ್ರೇನೇ?" ಎಂದು ಬೈದಳು. ನಾನು ಎಷ್ಟೋ ದಿನದ ಮೇಲೆ ನಕ್ಕೆ.

ನಿದ್ದೆ ಬರತೊಡಗಿತು. ಆದರೆ ಬೋರ್ಡನ್ನು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತಿತ್ತು. ರಜೆ ಮುಗಿಯುತ್ತಾ ಬಂದಿತ್ತು. ಆಗ ಒಂದು ಗುರುವಾರ ಮೇಡಂ ಹೇಳಿದರು: "ನೀವು ಚೆನ್ನಾಗಿ ಮಾತಾಡ್ತಾ ಇರ್ತೀರ. ಇದ್ದಕ್ಕಿದ್ದ ಹಾಗೆ ಗೋಡೆ ಗಡಿಯಾರ ನೋಡಿ ನಿಲ್ಲಿಸಿಬಿಡ್ತೀರ. ಪ್ರತಿ ಸಲಾನೂ. ಯಾಕೆ?"

ನನಗೆ ರೇಗಿತು. "ಆಚೆ ಜನ ಕಾಯ್ತಿದ್ದಾರಲ್ಲ ಮೇಡಂ" ಎಂದೆ.

"ಅವ್ರನ್ನ ನಾನು ನೋಡ್ಕೋತೀನಿ" ಎಂದು ಅವರು ಎದ್ದು, ಗಡಿಯಾರವನ್ನು ಗೋಡೆಯಿಂದ ಇಳಿಸಿ, ಪಡಸಾಲೆಯ ಬೆಂಚಿನ ಮೇಲಿಟ್ಟು ಬಂದರು.

ಕಾರಣ ನನಗೆ ಗೊತ್ತಿತ್ತು. ಪರವೂರಿನ ಕರೆಗೆ ಮೂರು ನಿಮಿಷಕ್ಕೊಂದು ಲೆಕ್ಕ. ಮೂರು ನಿಮಿಷವಾದೊಡನೆ ನಾವು ನಡುವೆ ಬಾಯಿ ಹಾಕಿ, "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂದು ಕೇಳಬೇಕು. ವರ್ಷಗಟ್ಟಲೆ ಹಾಗೆ ಕೇಳಿ ಕೇಳಿ, ನನ್ನ ಸ್ವಂತ ಮಾತೂ ಅಷ್ಟಕ್ಕೇ ನಿಲ್ಲುತ್ತಿತ್ತು. ಅದನ್ನು ಹೇಳಿದೆ. ನೋಡಿ ನಿಲ್ಲಿಸಲು ಗೋಡೆಯ ಮೇಲೆ ಗಡಿಯಾರ ಇರಲಿಲ್ಲ. ಉಳಿದದ್ದೂ ಬಂದುಬಿಟ್ಟಿತು.

ಅಪ್ಪ ಗೌರಿಬಿದನೂರಿಗೆ, ಅಕ್ಕನ ಮನೆಗೆ ಹೋಗಿದ್ದವರು ಎದೆನೋವೆಂದು ಆಸ್ಪತ್ರೆ ಸೇರಿದ್ದರು. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಫೋನಿನಿಂದ ಅಮ್ಮ ಭಾವನ ಅಂಗಡಿಗೆ ಕರೆ ಬುಕ್ ಮಾಡಿಸಿದಳು. ಬೋರ್ಡಿನಲ್ಲಿ ನಾನೇ ಇದ್ದೆ. ಲೈನು ಕೊಟ್ಟು, ಮಾತು ಸರಿಯಾಗಿ ಕೇಳಿಸುತ್ತಿದೆಯೇ ಎಂದು ಎಂದಿನಂತೆ ಕಿವಿಗೊಟ್ಟೆ. ಅಪ್ಪ ಹೋಗಿಬಿಟ್ಟರು ಎಂದು ಭಾವ ಹೇಳಿದ್ದನ್ನು ಅಮ್ಮನ ಜೊತೆಯಲ್ಲೇ ಕೇಳಿಸಿಕೊಂಡೆ. ಅಮ್ಮ "ಆಂ? ಆಂ?" ಎನ್ನುತ್ತಲೇ ಇದ್ದಳು. ಅಮ್ಮಾ ಎನ್ನಬೇಕಿತ್ತು. ನನ್ನ ಬಾಯಿಂದ ಬಂದದ್ದು "ಮೂರು ನಿಮಿಷ ಆಯ್ತು, ಮುಂದುವರಿಸ್ತೀರಾ?" ಎಂಬ ಮಾತು.

"ಗಂಡ ಸತ್ತ ಸುದ್ದಿ ಕೇಳ್ತಿರೋವಾಗ ಮಗಳು ನಿಮಿಷ ಎಣಿಸಿದ್ಳಲ್ಲ ಮೇಡಂ" ಎಂದೆ. "ಆ ದನಿ ನಂದು ಅಂತ ಅಮ್ಮಂಗೆ ಗೊತ್ತಾಯ್ತೋ ಇಲ್ವೋ. ಒಂದು ದಿನಾನೂ ಕೇಳಿಲ್ಲ ಅವಳು. ನಾನೂ ಕೇಳಿಲ್ಲ." ಎಷ್ಟು ಹೊತ್ತು ಅತ್ತೆನೋ ಗೊತ್ತಿಲ್ಲ.

ಅಯ್ಯೋ ಅದರಲ್ಲಿ ನಿಮ್ಮ ತಪ್ಪೇನಿದೆ ಎಂದು ಮೇಡಂ ಅನ್ನಲಿಲ್ಲ. ಅಂದಿದ್ದರೆ ನಾನು ನಂಬುತ್ತಿರಲಿಲ್ಲ. "ಹೋಗಿ ಅಮ್ಮನಿಗೆ ಹೇಳಿ ಅಂತ ನಾನು ಹೇಳಲ್ಲ" ಎಂದರು. "ಹೇಳ್ಬೇಕು ಅನ್ನಿಸಿದ್ರೆ ಹೇಳಿ. ಅವ್ರು ಏನೇ ಅಂದ್ರೂ ಮುಂದಿನ ಗುರುವಾರ ನಾನಿಲ್ಲಿ ಇರ್ತೀನಿ."

ಸಂಜೆ ಮನೆಗೆ ಬಂದಾಗ ಅಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಎದುರು ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಕೈ ತಣ್ಣಗಾಗಿತ್ತು. ಉಸಿರು ಬಿಟ್ಟು ಹೇಳಿದೆ: "ಅಮ್ಮ, ಅವತ್ತು ಫೋನಲ್ಲಿ ಮೂರು ನಿಮಿಷ ಆಯ್ತು ಅಂದಿದ್ದು ನಾನು."

ಅಮ್ಮ ತಲೆ ಎತ್ತಲಿಲ್ಲ. "ಹೆತ್ತೋಳಿಗೆ ಮಗಳ ದನಿ ಗೊತ್ತಾಗಲ್ವೇನೇ?" ಎಂದಳು. ಕಾಯಿ ಸುಲಿಯುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಮುಂದುವರಿಸಿದಳು. "ಅಳಿಯಂದಿರು ಹೇಳಿದ್ಮೇಲೆ ಕಿವಿಗೆ ಏನೂ ಕೇಳಿಸ್ಲಿಲ್ಲ ಕಣೇ. ಕಣ್ಣು ಕತ್ತಲೆ ಕಟ್ತು. ಆಗ ನಿನ್ನ ದನಿ ಬಂತು. ಅಯ್ಯೋ, ನನ್ನ ಮಗು ಇಲ್ಲೇ ಇದೆ, ಇದನ್ನ ನಾನು ಒಬ್ಬಳೇ ಕೇಳ್ತಿಲ್ಲ ಅಂದ್ಕೊಂಡೆ. ಅದಕ್ಕೇ ನಿಂತಿದ್ದೆ ನಾನು. ಇಲ್ದಿದ್ರೆ ಅಲ್ಲೇ ಬಿದ್ದುಹೋಗ್ತಿದ್ದೆ."

ಸೋಮವಾರ ಡ್ಯೂಟಿಗೆ ಹೋದೆ. ಕೈ ಸ್ವಲ್ಪ ನಡುಗುತ್ತಲೇ ಇತ್ತು, ಆದರೂ ಪಿನ್ನು ತೂತಿಗೆ ಸೇರಿತು.