ಪೋಸ್ಟರಿನಲ್ಲಿ ಕೈಮುಗಿದವಳು

ಬುಕ್ಕಸಾಗರದ ಭತ್ತದ ಗದ್ದೆಗಳಿಂದ ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಎಷ್ಟು ಏಳುತ್ತದೆ ಎಂಬುದು ನನ್ನ ಸಂಶೋಧನೆ. ಹೋದ ವರ್ಷ ಯುವ ವಿಜ್ಞಾನಿಗಳ ಸಮ್ಮೇಳನದಲ್ಲಿ ಅದನ್ನು ಮಂಡಿಸುವ ಮೊದಲ ಅವಕಾಶ ಸಿಕ್ಕಿತು. ಪೋಸ್ಟರ್ ಮಾಡಿಕೊಡಿ ಎಂದು ಹೊಸಪೇಟೆಯ ಫ್ಲೆಕ್ಸ್ ಅಂಗಡಿಗೆ ಫೈಲು ವಾಟ್ಸಾಪ್ ಮಾಡಿದೆ.

ಸಮ್ಮೇಳನದಲ್ಲಿ ಸುರುಳಿ ಬಿಚ್ಚಿದರೆ ಅರ್ಧ ಪೋಸ್ಟರ್ ತುಂಬ ನಾನೇ! ನನ್ನ ವಾಟ್ಸಾಪಿನ ಫೋಟೊ, ಅಕ್ಕನ ಮದುವೆಯಲ್ಲಿ ಕೈಮುಗಿದು ನಿಂತದ್ದು. ಗ್ರಾಫುಗಳೆಲ್ಲ ಕೆಳಗೆ ಮುದುಡಿದ್ದವು. ಅಂಗಡಿಯವರಿಗೆ ಫೋನ್ ಮಾಡಿ ಕೂಗಾಡಿದೆ.

"ಮುಖಾನ ಇಲ್ಲದ ಫ್ಲೆಕ್ಸ್ ಯಾರ್ ನೋಡ್ತಾರ್ರಿ ಮೇಡಂ? ಅದಕ್ಕ ನಾನ ಹಾಕೀನಿ. ಸುಮ್ನ ಕಟ್ರಿ," ಅಂದರು.

ಬೇರೆ ದಾರಿಯಿಲ್ಲದೆ ಅದನ್ನೇ ಕಟ್ಟಿದೆ. "ಯಾವ ಚುನಾವಣೆಗೆ ನಿಂತಿದ್ದೀರಿ?" ಎಂದು ನಗುತ್ತ ಬಂದವರೆಲ್ಲ ಮೀಥೇನ್ ಬಗ್ಗೆ ವಾದ ಮಾಡಿಯೇ ಹೋದರು. ನಾನೂ ಬಿಡಲಿಲ್ಲ.

ಈ ವರ್ಷದ ಪೋಸ್ಟರಿಗೆ ಫೋಟೊ ನಾನೇ ಕಳಿಸಿದೆ. ಸ್ಟುಡಿಯೋಕ್ಕೆ ಹೋಗಿ, ಕೈಮುಗಿದು ತೆಗೆಸಿದ್ದು.