ಸಕ್ಕರೆ ಕಾಯಿಲೆಯವನು ತಿಂದ ಒಬ್ಬಟ್ಟು

ನಮ್ಮ ಬಾಗೂರಿನ ಸ್ವರ್ಣಲತಾ ಹೊಟ್ಟೆಕಿಚ್ಚಿನ ಹೆಂಗಸು. ಇದನ್ನು ನಾನು ಬೆನ್ನ ಹಿಂದೆ ಹೇಳುತ್ತಿಲ್ಲ, ಅವಳ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಅವಳು ನಗುತ್ತಾಳೆ. ನಿನಗಿಲ್ಲವಾ ಶಾಂತಕ್ಕ ಎಂದು ತಿರುಗಿ ಕೇಳುತ್ತಾಳೆ. ನಾನು ಸೂಜಿಗೆ ದಾರ ಪೋಣಿಸುತ್ತೇನೆ.

ನನ್ನ ಹೊಲಿಗೆ ಮಿಷನ್ನು ಇರುವುದು ನಮ್ಮ ಮನೆಯ ಜಗಲಿಯ ಮೇಲೆ. ಎದುರಿಗೆ ಒಂದೇ ಗೋಡೆ ಹಂಚಿಕೊಂಡ ಎರಡು ಮನೆ. ಒಂದರಲ್ಲಿ ಅಣ್ಣ ಮಧುಕುಮಾರ್, ಅವನ ಹೆಂಡತಿ ಈ ಸ್ವರ್ಣಲತಾ. ಇನ್ನೊಂದರಲ್ಲಿ ತಮ್ಮ ಅರುಣ್‌ಕುಮಾರ್, ಅವನ ಹೆಂಡತಿ ಕೋಮಲಾ, ಮದುವೆ ವಯಸ್ಸಿನ ಮಗಳು ಪ್ರೇಕ್ಷಾ. ಅತ್ತೆ ವಿಜಯಮ್ಮ ಎರಡೂ ಬಾಗಿಲ ನಡುವಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಯಾವ ಮನೆಯ ಸಾರು ಘಮ್ಮೆನ್ನುತ್ತದೋ ಅಲ್ಲಿ ಉಣ್ಣುತ್ತಾರೆ. ಬ್ಲೌಸ್ ಹೊಲಿಯುವವಳ ಕಣ್ಣು ಬಟ್ಟೆಯ ಮೇಲಿರಬೇಕು. ನನ್ನ ಕಣ್ಣು ಎದುರು ಮನೆಗಳ ಮೇಲೇ ಇರುತ್ತಿತ್ತು, ಸುಳ್ಳೇಕೆ ಹೇಳಲಿ. ನಮ್ಮ ಮನೆಯ ಬಗ್ಗೆ ಯಾರಾದರೂ ವಿಚಾರಿಸಿದರೆ, ಮಗ ಗೌತಮ್ ಕೋಣೆಯಲ್ಲಿ ಕೂತು ಸರ್ಕಾರಿ ಪರೀಕ್ಷೆಗೆ ಓದುತ್ತಿದ್ದಾನೆ ಎಂದು ಹೇಳಿ ಮಾತು ಮುಗಿಸುತ್ತಿದ್ದೆ.

ಅಣ್ಣತಮ್ಮಂದಿರಿಬ್ಬರೂ ಕುಡಿಯುತ್ತಿದ್ದರು. ಆ ಕಾಲದಲ್ಲಿ ಓರಗಿತ್ತಿಯರ ನಡುವೆ ಒಂದು ಮಾತು ಬಂದಿದ್ದಿಲ್ಲ. ಒಬ್ಬಳ ಗಂಡ ರಸ್ತೆ ಪಕ್ಕ ಬಿದ್ದಿದ್ದಾನೆ ಎಂದು ಸುದ್ದಿ ಬಂದರೆ ಇಬ್ಬರೂ ಹೋಗಿ ಎತ್ತಿಕೊಂಡು ಬರುತ್ತಿದ್ದರು. ಒಬ್ಬಳು ಅತ್ತರೆ ಇನ್ನೊಬ್ಬಳು ಕಾಫಿ ಕಾಯಿಸುತ್ತಿದ್ದಳು. ಗೋಳು ಸಮನಾಗಿ ಹಂಚಿಕೆಯಾಗಿತ್ತು. ಹಾಗಾಗಿ ಯಾರಿಗೂ ಯಾರ ಮೇಲೂ ಉರಿ ಇರಲಿಲ್ಲ.

ಆಮೇಲೆ ಊರಿನ ಕಲ್ಯಾಣ ಮಂಟಪದಲ್ಲಿ ಕುಡಿತ ಬಿಡಿಸುವ ಶಿಬಿರ ನಡೆಯಿತು. ಇಬ್ಬರೂ ಸೇರಿದರು. ಬೆಳಿಗ್ಗೆ ಯೋಗ, ಭಜನೆ, ಹೊತ್ತಿಗೆ ಸರಿಯಾಗಿ ಊಟ, ಬುದ್ಧಿಮಾತು. ಕಡೆಯ ದಿನ ಗಂಡಂದಿರನ್ನೂ ಹೆಂಡತಿಯರನ್ನೂ ವೇದಿಕೆಗೆ ಹತ್ತಿಸಿ, ಮದುವೆ ಮನೆಯ ಹಾಗೆ ಒಬ್ಬರಿಗೊಬ್ಬರು ಹಾರ ಹಾಕಿಸಿದರು. ಅವತ್ತು ಸ್ವರ್ಣಲತಾ ಉಟ್ಟ ರೇಷ್ಮೆ ಸೀರೆಯ ಬ್ಲೌಸ್ ನಾನೇ ಹೊಲಿದದ್ದು. ವೇದಿಕೆಯಿಂದ ಇಳಿದವಳು ನನ್ನ ಕೈ ಹಿಡಿದುಕೊಂಡು, ಇನ್ನು ನನ್ನ ಕಷ್ಟ ಕಳೆಯಿತು ಅಂದಳು.

ಕಳೆಯಲಿಲ್ಲ. ಮಧು ಕುಡಿತವನ್ನೇನೋ ಬಿಟ್ಟಿದ್ದ, ಆದರೆ ನಿದ್ದೆಯೂ ಅವನನ್ನು ಬಿಟ್ಟಿತು. ಕೊಬ್ಬರಿ ಅಟ್ಟಕ್ಕೆ ಏಣಿ ಹಾಕಿ, ಹತ್ತದೆ ಕೆಳಗೇ ಕೂತಿರುತ್ತಿದ್ದ. ಒಂದು ಮುಂಜಾನೆ ಹಾಸಿಗೆಯಲ್ಲಿ ಕಾಣಲಿಲ್ಲ ಎಂದು ಸ್ವರ್ಣಲತಾ ಹುಡುಕಿಕೊಂಡು ಹೋದರೆ, ತೋಟದ ಬಾವಿಗೆ ಕಾಲು ಇಳಿಬಿಟ್ಟು ಕೂತಿದ್ದನಂತೆ. ಒಂದು ಹನಿಯೂ ಕುಡಿದಿರಲಿಲ್ಲ.

‘ಎದೆ ಮ್ಯಾಲೆ ರುಬ್ಬೋ ಕಲ್ಲು ಮಡಗ್ದಂಗಾಯ್ತದೆ ಕಣೆ. ಏಳಕ್ಕೂ ಆಗಾಕಿಲ್ಲ, ಮನಿಕ್ಕಳಕ್ಕೂ ಆಗಾಕಿಲ್ಲ’ ಅಂದನಂತೆ.

ಕುಡಿಯಲು ನೆಪ ಹುಡುಕುತ್ತಿದ್ದಾನೆ ಎಂದು ಅವಳು ಬೈದು ಎಳೆದುಕೊಂಡು ಬಂದಳು. ಅವಳು ಅಂದುಕೊಂಡದ್ದಕ್ಕೆ ಸರಿಯಾಗಿ ಆ ವಾರವೇ ಮಧು ಮತ್ತೆ ಕುಡಿದ. ಮೊದಲಿಗಿಂತ ಹೆಚ್ಚು ಕುಡಿದ. ಕಣ್ಣು ಹಳದಿಯಾಯಿತು, ಕೈ ನಡುಗಿ ಲೋಟ ಹಿಡಿಯಲಾಗದೆ ಹೋಯಿತು. ಇವನು ಹೆಚ್ಚು ದಿನ ಇರುವುದಿಲ್ಲ ಎಂದು ಊರೇ ಪಿಸುಗುಡತೊಡಗಿತು. ಪಿಸುಮಾತಿಗೆ ಮೊದಲು ಕಿವಿಗೊಡುವುದು ಯಾರ ಹೆಸರು ಬಂದಿದೆಯೋ ಅವರ ಹೆಂಡತಿಯೇ.

ಪಕ್ಕದ ಮನೆಯ ಅರುಣ ಮಾತ್ರ ಕುಡಿಯಲಿಲ್ಲ. ಹೊತ್ತಿಗೆ ಮುಂಚೆ ಎದ್ದು ಗೂಡ್ಸ್ ಆಟೋದಲ್ಲಿ ಚನ್ನರಾಯಪಟ್ಟಣದ ಮಾರುಕಟ್ಟೆಗೆ ಕಾಯಿ ಲೋಡು ಹೊಡೆದ. ಮೈ ತುಂಬಿಕೊಂಡ. ಅರುಣನದು ಗಟ್ಟಿ ಮನಸ್ಸು, ಮಧುವಿಗೆ ಮನಸ್ಸೇ ಇಲ್ಲ ಎಂದು ಊರು ತೀರ್ಪು ಕೊಟ್ಟಿತು. ವಿಜಯಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಎಲ್ಲ ಕೋಮಲಾಳ ಕೈಗುಣ ಅಂದರು. ಅದೂ ಹಿರಿಸೊಸೆಗೆ ಕೇಳಿಸುವ ಹಾಗೆ, ಅವಳದೇ ಮನೆಯ ಉಪ್ಪೆಸರು ಉಣ್ಣುತ್ತಾ ಅಂದರು.

ಅವತ್ತಿನಿಂದ ಸ್ವರ್ಣಲತಾಳ ಹೊಟ್ಟೆಗೆ ಬೆಂಕಿ ಬಿತ್ತು. ಅಡುಗೆಯಲ್ಲಿ, ಮಾತಿನಲ್ಲಿ, ಬಂದವರನ್ನು ವಿಚಾರಿಸಿಕೊಳ್ಳುವುದರಲ್ಲಿ ಮೊದಲಿಂದ ಎರಡೂ ಮನೆಗೆ ಅವಳದೇ ಹೆಸರು. ಕೋಮಲಾ ಕೊಣನೂರು ಕಡೆಯವಳು, ಮೆತ್ತಗಿನ ಮಾತು, ಅಕ್ಕನ ಹಿಂದೆ ನಿಲ್ಲುವವಳು. ಅಂಥವಳ ಗಂಡ ಬಿಳಿ ಷರ್ಟ್ ಹಾಕಿಕೊಂಡು ಓಡಾಡುತ್ತಾನೆ, ನನ್ನವನು ಚರಂಡಿಯಲ್ಲಿ ಬೀಳುತ್ತಾನೆ. ಅವಳು ಏನೋ ಮಾಡುತ್ತಿದ್ದಾಳೆ, ನನಗೆ ಹೇಳುತ್ತಿಲ್ಲ. ಇದೇ ಅವಳ ತಲೆಯಲ್ಲಿ ಕೂತುಬಿಟ್ಟಿತು.

ಕೋಮಲಾ ಶನಿವಾರ ಒಪ್ಪತ್ತು ಮಾಡಿದರೆ ಇವಳೂ ಒಪ್ಪತ್ತು. ಕೋಮಲಾ ಗಂಡನಿಗೆ ಹಾಗಲಕಾಯಿ ಪಲ್ಯ ಮಾಡಿದರೆ ಈ ಮನೆಯಲ್ಲಿ ವಾರವಿಡೀ ಹಾಗಲಕಾಯಿ. ಕೋಮಲಾ ತೊಟ್ಟ ಹಸಿರು ಬ್ಲೌಸಿನ ಬಣ್ಣವೇ ಬೇಕು ಎಂದು ನನ್ನ ಹತ್ತಿರ ಹೊಲಿಸಿಕೊಂಡಳು. ಹಸಿರು ಬ್ಲೌಸಿಗೂ ಬ್ರಾಂದಿಗೂ ಏನೇ ಸಂಬಂಧ ಎಂದು ಕೇಳಿದೆ. ಮುಖ ಊದಿಸಿಕೊಂಡು ಹೋದಳು. ಯಾರಿಗೂ ತಿಳಿಯದ ಹಾಗೆ ಸಾರಿಗೆ ಬೆರೆಸುವ ಯಾವುದೋ ಪುಡಿಯನ್ನು ಪಟ್ಟಣದಿಂದ ತಂದು ಹಾಕಿದ್ದೂ ಆಯಿತು. ಮಧು ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗಿದ. ಎದ್ದವನು ನೇರ ಬ್ರಾಂದಿ ಅಂಗಡಿಗೇ ಹೋದ.

ಇದರ ನಡುವೆ ವಿಜಯಮ್ಮ ಒಂದು ಸುದ್ದಿ ಹೇಳಿದರು. ಅರುಣನಿಗೆ ಸಕ್ಕರೆ ಕಾಯಿಲೆಯಂತೆ, ಕೋಮಲಾ ದಿನಾ ಊಟ ಆದ ಮೇಲೆ ಮಾತ್ರೆ ಕೊಡುತ್ತಾಳಂತೆ, ಅದಕ್ಕೇ ಆಗಾಗ ಮಂಗಳವಾರ ಇಬ್ಬರೂ ಹಾಸನಕ್ಕೆ ಹೋಗುವುದಂತೆ. ಪಾಪ ಎಂದು ಎಲ್ಲರೂ ಅಂದರು, ಸ್ವರ್ಣಲತಾಳೂ ಅಂದಳು. ಅವಳಿಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಗಿತ್ತು ಎಂದು ನನಗೆ ಗೊತ್ತು.

ಆ ಸಮಾಧಾನ ಯುಗಾದಿಯವರೆಗೆ ಉಳಿಯಿತು. ಹಬ್ಬದ ದಿನ ಎರಡು ಮನೆಯವರೂ ಒಟ್ಟಿಗೆ ಊಟಕ್ಕೆ ಕೂತಿದ್ದರು. ಸಕ್ಕರೆ ಕಾಯಿಲೆಯ ಅರುಣ ಒಬ್ಬಟ್ಟಿನ ಮೇಲೆ ಬೆಲ್ಲದ ಕಾಯಿಹಾಲು ಸುರಿದುಕೊಂಡು ತಿಂದ. ಇನ್ನೊಂದು ಹಾಕಿಸಿಕೊಂಡ. ಕೋಮಲಾ ಕೈ ಹಿಡಿಯುವುದಿರಲಿ, ತಾನೇ ತುಪ್ಪ ಬಿಟ್ಟಳು. ಬೇರೆ ಯಾರೂ ಇದನ್ನು ಗಮನಿಸಲಿಲ್ಲ. ಹೊಟ್ಟೆಕಿಚ್ಚಿನವರ ಕಣ್ಣಿಗೆ ಮಾತ್ರ ಇಂಥದ್ದು ಬೀಳುತ್ತದೆ. ಬಡಿಸುತ್ತಿದ್ದ ಸ್ವರ್ಣಲತಾ ತಟ್ಟೆಯನ್ನು ಅಲ್ಲೇ ಇಟ್ಟು ನಮ್ಮ ಜಗಲಿಗೆ ಬಂದಳು. ಅದು ಸಕ್ಕರೆ ಮಾತ್ರೆಯಲ್ಲ, ಕುಡಿತ ಬಿಡಿಸುವ ಯಾವುದೋ ಔಷಧಿ, ಕೋಮಲಾ ನನ್ನಿಂದ ಮುಚ್ಚಿಟ್ಟಿದ್ದಾಳೆ ಎಂದು ನನ್ನ ಕಿವಿಯಲ್ಲಿ ಹೇಳಿದಳು.

ಮುಂದಿನ ಸಲ ಅವರು ಹೊರಟಾಗ ಇವಳು ಅವರ ಹಿಂದೆ ಬಂದ ಬಸ್ಸು ಹತ್ತಿದಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಆಧಾರ್ ಕಾರ್ಡ್ ಒಂದಿದ್ದರೆ ಹೊಟ್ಟೆಕಿಚ್ಚಿಗೂ ಟಿಕೆಟ್ ಕೊಡುತ್ತಾರೆ. ಎಲ್ಲಿಗೆ ಬೇಕಾದರೂ ಹೋಗಬಹುದು.

ಹಾಸನದ ದೊಡ್ಡಾಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಯವರ ಸಾಲಿನಲ್ಲಿ ಹುಡುಕಿದಳು, ಅವರಿರಲಿಲ್ಲ. ಸೆರಗನ್ನು ಮುಖಕ್ಕೆಳೆದುಕೊಂಡು ಒಂದೊಂದೇ ಬಾಗಿಲು ನೋಡುತ್ತಾ ಹೋದರೆ, ಮನೋವೈದ್ಯಕೀಯ ವಿಭಾಗ ಎಂಬ ಬೋರ್ಡಿನ ಕೆಳಗೆ ಬೆಂಚಿನ ಮೇಲೆ ಅರುಣ ಕೂತಿದ್ದಾನೆ. ಕೋಮಲಾ ಚೀಟಿ ಮಾಡಿಸಲು ಹೋಗಿದ್ದಳು.

ಆ ಗಳಿಗೆಯಲ್ಲಿ ಏನನ್ನಿಸಿತು ಎಂದು ನಾನು ಕೇಳಿದ್ದೇನೆ. ಖುಷಿಯಾಯಿತು ಎಂದಳು, ಮುಚ್ಚುಮರೆಯಿಲ್ಲದೆ. ಇದನ್ನು ಬಾಗೂರಿನಲ್ಲಿ ಒಂದು ಮಾತು ಆಡಿದರೆ ಸಾಕು. ಕೈಗುಣದ ಸೊಸೆ ಹುಚ್ಚನ ಹೆಂಡತಿಯಾಗುತ್ತಾಳೆ. ಕುಡುಕ ಎಂದರೆ ಊರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಅರ್ಧ ಊರು ಅದೇ. ತಲೆಗೆ ಮಾತ್ರೆ ತಿನ್ನುತ್ತಾನೆ ಎಂದರೆ ಆ ಮನೆಯ ಹುಡುಗಿಯನ್ನು ನೋಡಲು ಯಾರೂ ಬರುವುದಿಲ್ಲ. ಕೂಗಾಡದೆ ಹಾಗೇ ಬಂದ ದಾರಿಯಲ್ಲಿ ಹೋಗಿಬಿಡೋಣ ಎಂದು ತಿರುಗಿದಳಂತೆ.

ಅಷ್ಟರಲ್ಲಿ ಅರುಣನ ಪಕ್ಕ ಕೂತಿದ್ದ ಹೊಳೆನರಸೀಪುರದ ಕಡೆಯವನೊಬ್ಬ, ಹೊಸದಾಗಿ ಬಂದವನು, ಅಳುತ್ತಾ ಏನೋ ಕೇಳಿದ. ಅರುಣ ಅವನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಹೇಳುತ್ತಿದ್ದ.

‘ನಂಗೂ ಅಂಗೇ ಇತ್ತು ಕಣಣ್ಣ. ಬೆಳಗಿನ ಜಾವ ಎದೆ ಮ್ಯಾಲೆ ಕಲ್ಲು ಮಡಗ್ದಂಗಾಗದು. ಅದನ್ನ ತಡೀನಾರ್ದೇ ಕುಡ್ಯದು. ಬರೀ ಕುಡ್ತ ಬುಡ್ಸುದ್ರೆ ಕಲ್ಲು ಅಲ್ಲೇ ಇರ್ತದೆ. ಬರೀ ಕಲ್ಲಿಗೆ ಔಸ್ದಿ ಕೊಟ್ರೆ ಕುಡ್ತ ಅಲ್ಲೇ ಇರ್ತದೆ. ಇಲ್ಲಿ ಎರಡ್ಕೂ ಒಟ್ಗೇ ನೋಡ್ತಾರೆ.’

ಹೊರಟಿದ್ದ ಸ್ವರ್ಣಲತಾ ನಿಂತಳು. ಅದೇ ಕಲ್ಲು, ಅದೇ ಬೆಳಗಿನ ಜಾವ. ತೋಟದ ಬಾವಿ ಕಣ್ಣ ಮುಂದೆ ಬಂತು. ನೆಪ ಎಂದು ತಾನು ಬೈದದ್ದೂ ನೆನಪಾಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಿಗೂ ಒಂದೇ ಕಾಯಿಲೆ. ಒಬ್ಬನಿಗೆ ಮಾತ್ರೆ ಸಿಕ್ಕಿದೆ, ಇನ್ನೊಬ್ಬನಿಗೆ ಹಾಗಲಕಾಯಿ.

ಚೀಟಿ ಹಿಡಿದು ಬಂದ ಕೋಮಲಾ ಎದುರಿಗೇ ಸಿಕ್ಕಳು. ಬಿಳಿಚಿಕೊಂಡಳು. ಪ್ರೇಕ್ಷಾಳನ್ನು ನೋಡಲು ಅರಕಲಗೂಡಿನ ಕಡೆಯಿಂದ ಬರುವವರಿದ್ದಾರೆ, ಊರಿನಲ್ಲಿ ಹೇಳಬೇಡ ಎಂದು ಕೈ ಮುಗಿದಳು. ಶಿಬಿರ ಮುಗಿದ ಮೇಲೆ ಅರುಣನೂ ನಿದ್ದೆಗೆಟ್ಟು ಕೂತಿದ್ದನಂತೆ. ತವರಿನ ಚಿಕ್ಕಮ್ಮ ಆಶಾ ಕಾರ್ಯಕರ್ತೆ, ಅವಳೇ ಇಲ್ಲಿಗೆ ಕರೆತಂದಳಂತೆ. ಸ್ವರ್ಣಲತಾ ಒಂದೇ ಒಂದು ಮಾತು ಕೇಳಿದಳು. ನನ್ನ ಗಂಡ ಬಾವಿಕಟ್ಟೆಯ ಮೇಲೆ ಕೂತದ್ದು ನಿನಗೆ ಗೊತ್ತಿತ್ತು, ನನಗೊಬ್ಬಳಿಗೆ ಹೇಳಲು ಏನಾಗಿತ್ತು?

ಕೋಮಲಾ ಚೀಟಿಯನ್ನು ಮಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳಂತೆ.

‘ನಾನು ಬಂದಾಗಿಂದ ಈ ಮನೇಲಿ ಎಲ್ಲುದ್ರಲ್ಲೂ ನೀನೇ ಮುಂದೆ ಅಕ್ಕ. ಅತ್ತೆ ಬಾಯಲ್ಲೂ ನೀನೇ, ಊರವ್ರ ಬಾಯಲ್ಲೂ ನೀನೇ. ಇದೊಂದ್ರಲ್ಲಿ ನಾನು ಮುಂದಿದ್ದೆ. ಬುಟ್ಕೊಡಕ್ಕೆ ಮನಸ್ಸು ಬರ್ನಿಲ್ಲ’ ಅಂದಳು.

ಕೆನ್ನೆಗೆ ಬಾರಿಸಬೇಕು ಅನ್ನಿಸಿತಂತೆ ಸ್ವರ್ಣಲತಾಳಿಗೆ. ಆ ಜಾಗದಲ್ಲಿ ತಾನಿದ್ದರೂ ಬಾಯಿ ಬಿಡುತ್ತಿರಲಿಲ್ಲ ಎಂದೂ ಅನ್ನಿಸಿತಂತೆ. ಹೋಗಿ ಬೆಂಚಿನ ಮೇಲೆ ಕೂತಳು. ಹೊಳೆನರಸೀಪುರದವನು ಇವಳೂ ರೋಗಿಯೇ ಇರಬೇಕೆಂದು ಸರಿದು ಜಾಗ ಕೊಟ್ಟನಂತೆ.

ಮಧುವನ್ನು ಹೊರಡಿಸುವುದು ಸುಲಭವಿರಲಿಲ್ಲ. ನಾನೇನು ಹುಚ್ಚನಾ ಎಂದು ಚೊಂಬು ಎಸೆದ. ಆಗ ಗೋಡೆಯಾಚೆಯಿಂದ ಅರುಣ ಬಂದ, ಹಿಂದೆ ಕೋಮಲಾ. ಅಂಗಳದಲ್ಲಿ, ತಾಯಿಯ ಎದುರಿಗೆ, ನನ್ನ ಜಗಲಿಗೆ ಕೇಳಿಸುವಷ್ಟು ದನಿಯಲ್ಲಿ, ತಾನು ತಿನ್ನುವುದು ಸಕ್ಕರೆ ಮಾತ್ರೆಯಲ್ಲ ಎಂದು ಅಣ್ಣನಿಗೆ ಹೇಳಿದ. ಕೋಮಲಾ ಮಾತ್ರೆಯ ಹಾಳೆ ತಂದು ಭಾವನ ಮುಂದಿಟ್ಟಳು. ಯಾರು ಏನು ಅಂದುಕೊಂಡಾರು ಎಂದು ಅವಳು ಸುತ್ತ ಒಮ್ಮೆಯೂ ನೋಡಲಿಲ್ಲ.

ವಿಜಯಮ್ಮ ಕಟ್ಟೆಯಿಂದ ಎದ್ದು ಬಂದರು. ಹಿರಿಮಗನ ತಲೆ ಮೇಲೆ ಕೈಯಿಟ್ಟರು.

‘ನಿಮ್ಮಪ್ಪನೂ ಇಂಗೇ ಗ್ವಾಡೆ ನೋಡ್ಕಂಡು ಕೂತಿರದು ಕಣ್ಲಾ. ಯಾರೋ ಮಾಟ ಮಾಡ್ಸವ್ರೆ ಅಂತ ನಾನು ನಿಂಬೆಣ್ಣು ಮಂತ್ರುಸ್ಕಂಡು ತಿರುಗ್ದೆ. ನೀನಾದ್ರೂ ಓಗ್ಬುಟ್ಟು ಬಾ.’

ಮಧು ಹೋದ. ಒಂದೇ ಸಲಕ್ಕೆ ಸರಿಹೋದ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ವಾರ್ಡಿನಲ್ಲಿಟ್ಟುಕೊಂಡರು. ಮನೆಗೆ ಬಂದ ಮೇಲೆ ನಡುವೆ ಒಮ್ಮೆ ಜಾರಿದ, ಕುಡಿದು ಬಂದು ಅತ್ತ. ಇನ್ನು ಮುಗಿಯಿತು ಎಂದುಕೊಂಡು ಸ್ವರ್ಣಲತಾ ಕರೆದುಕೊಂಡು ಹೋದರೆ, ಡಾಕ್ಟರು ಬೈಯಲಿಲ್ಲವಂತೆ, ಮಾತ್ರೆ ಬದಲಾಯಿಸಿ ಇನ್ನೂ ಬೇಗ ಬರಲು ಹೇಳಿದರಂತೆ. ಈಗ ಅವನು ಅಟ್ಟ ಹತ್ತಿ ಕೊಬ್ಬರಿ ಇಳಿಸುತ್ತಾನೆ. ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ತಮ್ಮನೊಡನೆ ಯಾವುದಕ್ಕೋ ನಗುತ್ತಾನೆ. ಅರಕಲಗೂಡಿನವರು ಬರಲಿಲ್ಲ, ಕೋಮಲಾ ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲ. ಬೇರೆ ಕಡೆಯಿಂದ ಬರುತ್ತಾರೆ ಎಂದು ಸ್ವರ್ಣಲತಾ ತಾನೇ ನಾಲ್ಕು ಕಡೆ ಹೇಳಿ ಇಟ್ಟಿದ್ದಾಳೆ.

ಹೊಟ್ಟೆಕಿಚ್ಚು ಹೋಯಿತು ಎಂದುಕೊಳ್ಳಬೇಡಿ. ಅರುಣನಿಗೆ ಒಂದು ಮಾತ್ರೆ ಕಡಿಮೆ ಮಾಡಿದ ದಿನ, ನಮ್ಮವರಿಗೆ ಏಕೆ ಕಡಿಮೆ ಮಾಡಲಿಲ್ಲ ಎಂದು ಡಾಕ್ಟರ ಹತ್ತಿರ ಜಗಳಕ್ಕೆ ನಿಂತಿದ್ದಳು.

ಅದನ್ನು ಆಡಿಕೊಂಡು ನಗುತ್ತಿದ್ದೆ ನಾನು, ಮೊನ್ನೆ ಸಂಜೆ, ಇದೇ ಜಗಲಿಯಲ್ಲಿ. ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಮಧು ನಗುವುದನ್ನು ನೋಡಿದಾಗಲೆಲ್ಲ ನನಗೆ ಉರಿಯುತ್ತದೆ. ಸ್ವರ್ಣಲತಾ ನಗಲಿಲ್ಲ. ನನ್ನ ಹಿಂದಿನ ಕಿಟಕಿಯನ್ನೇ ನೋಡುತ್ತಿದ್ದಳು.

‘ಓದೋ ಉಡುಗನ ರೂಮ್ನಲ್ಲಿ ಒಂದಿನಾನೂ ಲೈಟ್ ಉರಿಯಕ್ಕಿಲ್ವಲ್ಲ ಶಾಂತಕ್ಕ’ ಅಂದಳು, ಮೆತ್ತಗೆ.

ಗೌತಮ್ ಕತ್ತಲಲ್ಲಿ ಕೂತು ಗೋಡೆಯೊಡನೆ ಮಾತಾಡುವುದನ್ನು, ಕಾಲೇಜು ಅರ್ಧಕ್ಕೆ ಬಿಟ್ಟು ಬಂದದ್ದನ್ನು, ಗಾಂಜಾ ವಾಸನೆಗೆ ನಾನು ಹೊತ್ತುಹೊತ್ತಿಗೆ ಊದುಬತ್ತಿ ಹಚ್ಚುವುದನ್ನು ನಾನು ಯಾರಿಗೂ ಹೇಳಿರಲಿಲ್ಲ. ಇಷ್ಟು ದಿನ ನಾನು ಅವಳ ಮನೆ ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ಅವಳೂ ನನ್ನ ಮನೆ ನೋಡುತ್ತಿದ್ದಳು. ಪರೀಕ್ಷೆ ಹತ್ತಿರ ಬಂತು ಎಂದು ಹೇಳಲು ಹೊರಟವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟೆ. ಅವಳು ಬೇರೇನೂ ಕೇಳಲಿಲ್ಲ. ಮಂಗಳವಾರ ಮೊದಲನೇ ಬಸ್ಸಿಗೆ ನಾವು ಹೋಗುತ್ತಿದ್ದೇವೆ ಎಂದು ಹೇಳಿ ಎದ್ದು ಹೋದಳು.

ಸೋಮವಾರ ರಾತ್ರಿ ಗೌತಮನನ್ನು ಕೋಣೆಯಿಂದ ಹೊರಡಿಸಲು ನನಗೆ ಬೆಳಗಾಯಿತು. ನಿಲ್ದಾಣಕ್ಕೆ ಬರುವಷ್ಟರಲ್ಲಿ ಬಸ್ಸು ತುಂಬಿ, ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಕಿಟಕಿಯಿಂದ ಸ್ವರ್ಣಲತಾ ಕೈ ಬೀಸಿದಳು. ಟವೆಲ್ ಹಾಸಿ ಎರಡು ಸೀಟು ಹಿಡಿದಿದ್ದಳು.