ಗೇರಿನ ಕೊರೆತ ಎಲ್ಲಿತ್ತು

ತೊಂಬತ್ತರ ದಶಕದ ನಡುವೆ, ಒಂದು ಮಂಗಳವಾರ, ಊಟದ ವಿರಾಮಕ್ಕೆ ಹತ್ತು ನಿಮಿಷ ಮೊದಲು, ಮರಾಠಿ ನಾಡಿನ ಭೋಸರಿಯ ಕಾರ್ಖಾನೆಯಲ್ಲಿ ನನ್ನ ಕಿವಿ ಸುಳ್ಳು ಹೇಳುತ್ತದೆಂದು ತೀರ್ಮಾನಿಸಲಾಯಿತು. ತೀರ್ಮಾನಿಸಿದವರು ಹೊಸ ಮ್ಯಾನೇಜರು. ಅದನ್ನು ಬಾಯಿಬಿಟ್ಟು ಹೇಳಿದವರು ಫೋರ್‌ಮನ್, ನಮ್ಮ ಧಾರವಾಡದ ಕಡೆಯವರೇ.

ಹತ್ತೊಂಬತ್ತು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಜೋಡಿಸಿದ ಗೇರ್‌ಬಾಕ್ಸನ್ನು ಬೆಂಚಿನ ಮೇಲೆ ಓಡಿಸಿ, ಮರದ ಕೋಲಿನ ಒಂದು ತುದಿಯನ್ನು ಅದಕ್ಕೂ ಇನ್ನೊಂದನ್ನು ಕಿವಿಗೂ ಒತ್ತಿ, ಹಲ್ಲುಗಳು ಸರಿಯಾಗಿ ಕೂಡಿವೆಯೇ ಎಂದು ಕೇಳುವುದು. ಅಂದು ಒಂದರಲ್ಲಿ ಕೊರೆಯುವಂಥ ಸಣ್ಣ ಸದ್ದು ಕೇಳಿಸಿತು, ಆ ಗೇರ್‌ಬಾಕ್ಸನ್ನು ತಡೆಹಿಡಿದೆ. ಕಂಪನ ಅಳೆಯಲು ಹೊಸದಾಗಿ ತರಿಸಿದ ಮೀಟರಿನ ಮುಳ್ಳು ಮಾಮೂಲಿ ಗುರುತಿನಿಂದ ಕದಲಲಿಲ್ಲ.

“ಸದ್ದು ಗೇರಿನ್ಯಾಗ ಇಲ್ರಿ, ನಿಮ್ಮ ಕಿವ್ಯಾಗ ಅದ,” ಎಂದರು ಫೋರ್‌ಮನ್, ಎಲ್ಲರ ಮುಂದೆ. “ವಯಸ್ಸಾತು, ಬಿಡ್ರಿ.”

ಗೇರ್‌ಬಾಕ್ಸ್ ಲಾರಿ ಹತ್ತಿತು. ನಿವೃತ್ತಿಯವರೆಗೆ ನನ್ನನ್ನು ಗೋದಾಮಿನಲ್ಲಿ ಕೂರಿಸಿದರು.

ಆಮೇಲಿನ ವರ್ಷಗಳಲ್ಲಿ, ಭಾನುವಾರ ಬೆಳಿಗ್ಗೆ, ಪಾಲಿ ಭಾಷೆ ಕಲಿಸುತ್ತಿದ್ದ ಒಬ್ಬ ಮರಾಠಿ ಅಧ್ಯಾಪಕರ ಮನೆಗೆ ಹೋಗತೊಡಗಿದೆ. ಅವರು ಬೌದ್ಧರ ಶೂನ್ಯತೆಯನ್ನು ವಿವರಿಸುತ್ತಿದ್ದರು: ನೋಟಕ್ಕಾಗಲಿ ಶಬ್ದಕ್ಕಾಗಲಿ ಸ್ವಂತ ನೆಲೆಯಿಲ್ಲ, ಇಂದ್ರಿಯ, ವಸ್ತು, ಗಮನ ಕೂಡಿದಾಗ ಅದು ಹುಟ್ಟುತ್ತದೆ. ಫೋರ್‌ಮನ್ನರ ಮಾತೇ ಕಾಷಾಯ ತೊಟ್ಟು ಬಂದಂತೆನಿಸಿ ನಾನು ಬಿಗಿದುಕೊಂಡೆ. ಆಗ ಅಧ್ಯಾಪಕರು, ಅಡುಗೆಮನೆಯ ಕುಕ್ಕರ್ ಇದುವರೆಗೆ ಎಷ್ಟು ಸೀಟಿ ಹಾಕಿತೆಂದು ಕೇಳಿದರು. ನಾನು ಎರಡೆಂದೆ, ಪಕ್ಕದಲ್ಲಿ ಕೂತಿದ್ದ ಇನ್ನೊಬ್ಬ ಕೇಳುಗರು ಒಂದೆಂದರು. ಮಾತಿನಲ್ಲಿದ್ದ ಅಧ್ಯಾಪಕರಿಗೆ ಒಂದೂ ಕೇಳಿಸಿರಲಿಲ್ಲ. ಒಳಗಿಂದ ಅವರ ಪತ್ನಿ, ನಾಲ್ಕಾಯಿತು, ನಿಮ್ಮ ಶೂನ್ಯವನ್ನು ನಂಬಿ ಕೂತಿದ್ದರೆ ಬೇಳೆ ತಳ ಹಿಡಿಯುತ್ತಿತ್ತು ಎಂದು ಕುಟುಕಿದರು. ಎಲ್ಲರೂ ನಕ್ಕೆವು.

ನಗು ಇಳಿದ ಮೇಲೆ ನನ್ನೊಳಗೆ ಏನೋ ಸಡಿಲವಾಯಿತು. ಆ ನಾಲ್ಕು ಸೀಟಿಗಳು ಕುಕ್ಕರಿನಲ್ಲಷ್ಟೇ ಇರಲಿಲ್ಲ, ಆಕೆಯ ಕಿವಿಯಲ್ಲಷ್ಟೇ ಇರಲಿಲ್ಲ. ಆದರೂ ಬೇಳೆ ಬೆಂದದ್ದು ಆಕೆಯ ಲೆಕ್ಕದಂತೆ. ಶೂನ್ಯವೆಂದರೆ ಇಲ್ಲವೆಂದಲ್ಲ, ತಾನೊಂದೇ ನಿಲ್ಲಲಾರದು ಎಂದು.

ಹಾಗಾಗಿ ಫೋರ್‌ಮನ್ನರ ಅರ್ಧ ಮಾತನ್ನು ಒಪ್ಪುತ್ತೇನೆ. ಆ ಕೊರೆತ ಗೇರಿನಲ್ಲಿ ನನಗಾಗಿ ಕಾದು ಕುಳಿತಿರಲಿಲ್ಲ. ಉಕ್ಕಿನ ಹಲ್ಲು, ಮರದ ಕೋಲು, ಹತ್ತೊಂಬತ್ತು ವರ್ಷ ಪಳಗಿದ ಗಮನ ಇವು ಕೂಡಿ ಅದು ಹುಟ್ಟಿತ್ತು. ಮೀಟರಿನ ಮೌನವೂ ಹಾಗೆಯೇ ಹುಟ್ಟಿದ್ದು: ಅದರ ತಂತಿಯನ್ನು, ಮ್ಯಾನೇಜರೇ, ಫೋರ್‌ಮನ್ನರೇ, ನೀವು ಸಿಕ್ಕಿಸಿದ್ದು ಹೊರಗವಚಕ್ಕೆ, ಹಲ್ಲುಗಳಿಂದ ದೂರ. ನಾನು ಅಲ್ಲೇ ನಿಂತು ನೋಡಿದ್ದೇನೆ.

ಮಹನೀಯರೇ, ನನ್ನ ಕೊರೆತ, ನಿಮ್ಮ ಮೀಟರಿನ ಮೌನ ಎರಡೂ ಸಮಾನವಾಗಿ ಪರಾಧೀನವಾಗಿದ್ದಾಗ, ಕೋಲನ್ನು ಒಮ್ಮೆಯೂ ನಿಮ್ಮ ಕಿವಿಗೆ ಹಚ್ಚಿ ನೋಡದೆ, ಸುಳ್ಳು ನನ್ನದೇ ಎಂದು ನಿಮಗೆ ತಿಳಿದದ್ದು ಯಾವ ಇಂದ್ರಿಯದಿಂದ?